‘ಪೊಲೀಸರೇ ಇಲ್ಲದ ಕೋರ್ಟು ಯಾರನ್ನ ಹಿಡಿಯುತ್ತದೆ?’ ಅನ್ನುವವರಿಗೆ

ನಾನು ಕಾರವಾರದಲ್ಲಿ ವಕೀಲಿ ಮಾಡುತ್ತೇನೆ. ಚೆಕ್ ಬೌನ್ಸ್, ಅಣ್ಣತಮ್ಮಂದಿರ ಹಿಸ್ಸೆ ಜಗಳ, ಭೂಸ್ವಾಧೀನದ ಪರಿಹಾರ, ಇವೇ ನನ್ನ ಕೇಸುಗಳು. ಆದರೆ ಎಲ್‌ಎಲ್‌ಎಂ ಮಾಡುವಾಗ ಓದಿದ್ದು ಅಂತರರಾಷ್ಟ್ರೀಯ ಅಪರಾಧ ಕಾನೂನು. ಇದು ಊರಲ್ಲಿ ಹೇಗೋ ಗೊತ್ತಾಗಿಬಿಟ್ಟಿದೆ. ಹಾಗಾಗಿ ಬಾರ್ ರೂಮಿನಲ್ಲಿ, ಮದುವೆ ಮನೆಯಲ್ಲಿ, ಒಮ್ಮೆ ಮೀನು ಪೇಟೆಯಲ್ಲಿ ಬಂಗಡೆ ಆರಿಸುವಾಗಲೂ ಒಂದೇ ಪ್ರಶ್ನೆ: ಹೇಗ್‌ನಲ್ಲಿ ಒಂದು ಕೋರ್ಟಿದೆಯಲ್ಲ, ಅದಕ್ಕೆ ಪೊಲೀಸರೇ ಇಲ್ಲವಂತೆ, ಮತ್ತೆ ಅದು ಯಾರನ್ನ ಹಿಡಿಯುತ್ತದೆ? ಕೇಳಿ ಮುಗಿಸಿ ಒಂದು ನಗು ಬೇರೆ. ಪ್ರಶ್ನೆಗಿಂತ ನನಗೆ ಆ ನಗುವೇ ಆಗಿಬರುವುದಿಲ್ಲ.

ಸರಿ, ಒಂದು ಸಲ ಬರೆದು ಮುಗಿಸುತ್ತೇನೆ.

ಹೌದು, ನೆದರ್‌ಲ್ಯಾಂಡ್ಸಿನ ಹೇಗ್ ನಗರದಲ್ಲಿರುವ, ನರಮೇಧ, ಯುದ್ಧಾಪರಾಧದಂಥ ಕೇಸು ನಡೆಸುವ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಪೊಲೀಸರಿಲ್ಲ. ನಮ್ಮ ಜಿಲ್ಲಾ ಕೋರ್ಟಿನ ನ್ಯಾಯಾಧೀಶರೂ ಬೈಕ್ ಹತ್ತಿ ಆರೋಪಿಯನ್ನು ಹಿಡಿದು ತರುವುದಿಲ್ಲ. ವಾರಂಟ್ ಹೊರಡಿಸುತ್ತಾರೆ. ಠಾಣೆಯವರು ಮನಸ್ಸು ಮಾಡಿದರೆ ಆರೋಪಿ ಬರುತ್ತಾನೆ, ಇಲ್ಲದಿದ್ದರೆ ‘ವಿಳಾಸದಲ್ಲಿ ಸಿಗಲಿಲ್ಲ’ ಅಂತ ವಾರಂಟ್ ವಾಪಸ್ ಬರುತ್ತದೆ. ಆ ಮನುಷ್ಯನನ್ನು ನಾವೆಲ್ಲ ಬೆಳಿಗ್ಗೆಯಷ್ಟೇ ಬಸ್‌ಸ್ಟ್ಯಾಂಡ್ ಹತ್ತಿರ ನೋಡಿರುತ್ತೇವೆ. ಹೇಗ್‌ನ ಕೋರ್ಟಿಗೆ ಠಾಣೆ ಅಂದರೆ ಸದಸ್ಯ ದೇಶಗಳು. 1998ರಲ್ಲಿ ರೋಮ್‌ನಲ್ಲಿ ಒಪ್ಪಂದವಾಯಿತು, 2002ರಲ್ಲಿ ಜಾರಿಗೆ ಬಂತು. ಸದಸ್ಯನಾದ ದೇಶ ಹಿಡಿದು ಕೊಡಬೇಕು. ಕೆಲವರು ಕೊಡುತ್ತಾರೆ, ಕೆಲವರು ಕೊಡುವುದಿಲ್ಲ. ಸುಡಾನಿನ ಆಗಿನ ಅಧ್ಯಕ್ಷ ಬಶೀರ್, ಈ ಕೋರ್ಟಿನ ವಾರಂಟ್ ಇದ್ದರೂ, 2015ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋಗಿ, ಸಭೆ ಮುಗಿಸಿ, ವಿಮಾನ ಹತ್ತಿ ವಾಪಸ್ ಹೋದರು. ಅಲ್ಲಿಯದೇ ಕೋರ್ಟು ‘ಬಿಡಬೇಡಿ’ ಅಂದಿದ್ದರೂ ಸರ್ಕಾರ ಬಿಟ್ಟಿತು. ಅದೇ 2025ರ ಮಾರ್ಚ್‌ನಲ್ಲಿ ಫಿಲಿಪ್ಪೀನ್ಸಿನ ಮಾಜಿ ಅಧ್ಯಕ್ಷ ಡುಟೆರ್ಟೆಯನ್ನು ಮನಿಲಾ ವಿಮಾನ ನಿಲ್ದಾಣದಲ್ಲೇ ಹಿಡಿದು, ಅದೇ ದಿನ ಹೇಗ್‌ಗೆ ಕಳಿಸಿದರು.

ಯುಗೊಸ್ಲಾವಿಯದ ಯುದ್ಧಕ್ಕೆ ಅಂತಲೇ 1993ರಲ್ಲಿ ಮಾಡಿದ ನ್ಯಾಯಾಲಯಕ್ಕೂ ಪೊಲೀಸರಿರಲಿಲ್ಲ. ಅದು 161 ಜನರ ಮೇಲೆ ದೋಷಾರೋಪ ಹೊರಿಸಿತ್ತು. ಕೊನೆಗೆ ತಲೆಮರೆಸಿಕೊಂಡವರು ಒಬ್ಬರೂ ಉಳಿಯಲಿಲ್ಲ. ಬೋಸ್ನಿಯಾದ ಸರ್ಬ್ ಸೇನೆಯ ಮುಖ್ಯಸ್ಥನಾಗಿದ್ದ ಮ್ಲಾಡಿಚ್ ಸಿಗಲಿಕ್ಕೆ 16 ವರ್ಷ ಬೇಕಾಯಿತು, ಒಪ್ಪುತ್ತೇನೆ. ಆದರೆ ಸಿಕ್ಕಿದ, ಅಲ್ವಾ?

ಇಷ್ಟನ್ನೂ ಶಿರಸಿ ಕಡೆಯ ಒಂದು ಉಪನಯನದಲ್ಲಿ, ಪಂಕ್ತಿಯಲ್ಲಿ ಕೂತು, ಅಪ್ಪೆಹುಳಿ ಬಡಿಸುವವರು ಎರಡು ಸಲ ಬಂದು ಹೋಗುವಷ್ಟು ಹೊತ್ತು ಒಬ್ಬ ಮಾವನಿಗೆ ವಿವರಿಸಿದೆ. ಎಲ್ಲ ಕೇಳಿಸಿಕೊಂಡರು. ಎಲೆ ಮೇಲಿನ ಉಪ್ಪಿನಕಾಯಿಯನ್ನು ಬೆರಳಲ್ಲಿ ಸರಿಸುತ್ತಾ, “ಅದೆಲ್ಲ ಸರಿ ಕೂಸೇ, ಪುಟಿನ್ ಸಿಕ್ಕಿದ್ನನೇ?” ಅಂದರು. ಪಂಕ್ತಿಯೇ ನಕ್ಕಿತು. ಸಿಕ್ಕಿಲ್ಲ ಮಾವ. 2023ರಲ್ಲಿ ವಾರಂಟ್ ಆಯಿತು, ಮರುವರ್ಷ ಅವರು ಮಂಗೋಲಿಯಕ್ಕೆ ಹೋದರು, ಸದಸ್ಯ ದೇಶವಾಗಿದ್ದರೂ ಅದು ಕೆಂಪು ಹಾಸು ಹಾಸಿ ಕರೆದುಕೊಂಡಿತು. ಇನ್ನೊಂದನ್ನೂ ನಾನೇ ಹೇಳುತ್ತೇನೆ, ನೀವು ಹೇಳುವ ಮೊದಲು: ಈ ಕೋರ್ಟಿನಲ್ಲಿ ಇಲ್ಲಿಯವರೆಗೆ ಶಿಕ್ಷೆಯಾದವರೆಲ್ಲ ಆಫ್ರಿಕಾದವರೇ. ಇದಕ್ಕೆ ನನ್ನ ಹತ್ತಿರ ಚೆಂದದ ಉತ್ತರ ಇಲ್ಲ. ದೊಡ್ಡ ದೇಶಗಳು ಹೊರಗೇ ನಿಂತಿವೆ. ರೋಮ್‌ನಲ್ಲಿ ಮತ ಹಾಕುವಾಗ ಭಾರತವೂ ತಟಸ್ಥವಾಗಿತ್ತು, ಇವತ್ತಿಗೂ ಸೇರಿಲ್ಲ.

ಕುಲಭೂಷಣ್ ಜಾಧವ್ ಕೇಸು ನಡೆದದ್ದು ಇದೇ ಕೋರ್ಟಿನಲ್ಲಾ? ಅಲ್ಲ. ಅದು ದೇಶ ದೇಶಗಳ ವ್ಯಾಜ್ಯದ ಕೋರ್ಟು. ಊರು ಒಂದೇ, ಕೋರ್ಟು ಬೇರೆ. ಇಟಲಿ ನೌಕಾಪಡೆಯವರು 2012ರಲ್ಲಿ ಕೇರಳದ ಕಡಲಲ್ಲಿ ಇಬ್ಬರು ಮೀನುಗಾರರಿಗೆ ಗುಂಡು ಹೊಡೆದ ಕೇಸಾ? ಅದೂ ಅಲ್ಲ, ಅದು ಮಧ್ಯಸ್ಥಿಕೆ ನ್ಯಾಯಮಂಡಳಿ. ಆದರೆ ಆ ಕೇಸಿನ ವಿಷಯ ಬಂದಾಗ ನಮ್ಮ ಬೈತಖೋಲ ಬಂದರಿನ ಕಡೆಯವರು ಕೇಳುವುದು ಬೇರೆ: ಸತ್ತವರ ಮನೆಗೆ ಎಷ್ಟು ಸಿಕ್ಕಿತು? ತಲಾ 4 ಕೋಟಿ. ದೋಣಿ ಮಾಲೀಕನಿಗೆ ಅಂತ ಇಟ್ಟದ್ದು 2 ಕೋಟಿ.

ಹೇಗ್‌ನ ಅಪರಾಧ ನ್ಯಾಯಾಲಯದ ಬಗ್ಗೆಯೂ ಇದನ್ನೇ ಕೇಳಬಾರದಾ? ಯಾರು ಸಿಕ್ಕಿದರು ಅನ್ನುವುದು ಪೇಪರ್ ಓದುವವರ ಪ್ರಶ್ನೆ. ಸೀಬರ್ಡ್ ನೌಕಾನೆಲೆಗೆ ಜಮೀನು ಕೊಟ್ಟ ಊರಿನವರಿಗೆ ಇದು ಒಪ್ಪುವುದಿಲ್ಲ. ಇಲ್ಲಿ ಎಷ್ಟೋ ಮನೆಗಳಲ್ಲಿ ಪರಿಹಾರದ ಒಂದು ಫೈಲಿದೆ. ಅಜ್ಜನ ಹೆಸರಲ್ಲಿ ಶುರುವಾಗಿ ಮೊಮ್ಮಗನ ಕೈಗೆ ಬಂದ ಫೈಲು.

ಹಾಗಾಗಿ ಬೊಗೊರೊ ಅನ್ನುವ ಊರಿನ ಕಥೆ ಹೇಳುತ್ತೇನೆ. ಕಾಂಗೋ ದೇಶದ್ದು. 2003ರ ಫೆಬ್ರವರಿ 24ರಂದು ಸಶಸ್ತ್ರ ಗುಂಪುಗಳು ಆ ಊರಿಗೆ ನುಗ್ಗಿ ಹಾಳು ಮಾಡಿದವು. ಅದಕ್ಕೆ ನೆರವಾದ ಕಟಾಂಗ ಅನ್ನುವವನಿಗೆ 2014ರಲ್ಲಿ 12 ವರ್ಷ ಶಿಕ್ಷೆಯಾಯಿತು. ಸುದ್ದಿ ಅಲ್ಲಿಗೆ ನಿಂತಿತು. ನನಗೆ ಬೇಕಾದ ಭಾಗ ಶುರುವಾಗುವುದೇ ಅಲ್ಲಿಂದ. ನ್ಯಾಯಾಧೀಶರು ಸಂತ್ರಸ್ತರ ಅರ್ಜಿಗಳನ್ನು ಒಂದೊಂದಾಗಿ ತೆಗೆದು ನೋಡಿದರು. ಮನೆ ಹೋಯಿತಾ, ಮನೆಯ ಸಾಮಾನು ಹೋಯಿತಾ, ದನಕರು ಎಷ್ಟು, ಬೆಳೆ ಎಷ್ಟು, ಮನೆಯವರು ಯಾರು ಸತ್ತರು. ಸುಟ್ಟ ಊರಲ್ಲಿ ಪಹಣಿ ಎಲ್ಲಿಂದ ತರುತ್ತಾರೆ? ಅದಕ್ಕೇ ಶಿಕ್ಷೆ ಕೊಡಲಿಕ್ಕೆ ಬೇಕಾದಷ್ಟು ಗಟ್ಟಿ ಸಾಕ್ಷ್ಯ ಇಲ್ಲಿ ಕೇಳಲಿಲ್ಲ. ಆಗಿರುವ ಸಾಧ್ಯತೆಯೇ ಜಾಸ್ತಿ ಅಂತ ಕಂಡರೆ ಸಾಕು ಅಂದರು. 297 ಜನರನ್ನು ಒಪ್ಪಿಕೊಂಡರು. 2017ರಲ್ಲಿ ಆದೇಶವಾಯಿತು: ತಲಾ 250 ಡಾಲರ್, ಸಾಂಕೇತಿಕವಾಗಿ. ಜೊತೆಗೆ ಎಲ್ಲರಿಗೂ ಸೇರಿ ಮನೆ, ಮಕ್ಕಳ ಓದು, ದುಡಿಮೆ, ಮಾನಸಿಕ ಚಿಕಿತ್ಸೆಗೆ ನೆರವು. ಕಟಾಂಗನ ಹತ್ತಿರ ದುಡ್ಡಿರಲಿಲ್ಲ. ಸಂತ್ರಸ್ತರಿಗೆ ಅಂತಲೇ ಇರುವ ಒಂದು ನಿಧಿಯಿಂದ ಕೊಡಬೇಕಾಯಿತು.

250 ಡಾಲರ್ ಕಡಿಮೆ. ತುಂಬಾ ಕಡಿಮೆ. ಆದರೆ ಅರ್ಜಿ ಒಪ್ಪಿಗೆಯಾದ ಒಬ್ಬೊಬ್ಬರಿಗೂ, ‘ನಿನ್ನ ಮನೆ ಅಲ್ಲಿತ್ತು, ಅದನ್ನು ಸುಟ್ಟದ್ದು ಅಪರಾಧ’ ಅಂತ ಬರೆದುಕೊಟ್ಟ ಕೋರ್ಟನ್ನು ವ್ಯರ್ಥ ಅನ್ನಲಿಕ್ಕೆ ನನಗಂತೂ ಬಾಯಿ ಬರುವುದಿಲ್ಲ.

ಈ ಬೊಗೊರೊ ಕಥೆಯನ್ನು ಒಮ್ಮೆ ನನ್ನ ಕಕ್ಷಿದಾರರೊಬ್ಬರಿಗೆ ಹೇಳಿದೆ. ಅವರ ಭೂಸ್ವಾಧೀನದ ಕೇಸು, ನಮ್ಮ ನಂಬರ್ ಬರಲಿಕ್ಕೆ ಇನ್ನೂ ಹೊತ್ತಿತ್ತು, ಕಾರಿಡಾರಿನಲ್ಲಿ ಕೂತಿದ್ದೆವು. ಅವರು ಪುಟಿನ್ ಸುದ್ದಿ ತೆಗೆಯಲಿಲ್ಲ. ಸ್ವಲ್ಪ ಲೆಕ್ಕ ಹಾಕಿದರು.

“2003ಕ್ಕೆ ಆದದ್ದು, 2017ಕ್ಕೆ ಆರ್ಡರು. ಬಡ್ಡಿ ಸೇರಿಸಿಯಾ ಮೇಡಂ, ಬಡ್ಡಿ ಬಿಟ್ಟಾ?”

1894ರ ಹಳೆಯ ಭೂಸ್ವಾಧೀನ ಕಾಯ್ದೆಯಲ್ಲಿ ಬಡ್ಡಿ ಮೊದಲ ವರ್ಷಕ್ಕೆ ಶೇ. 9, ಆಮೇಲೆ ಶೇ. 15 ಅನ್ನುವುದು ಅವರಿಗೆ ಬಾಯಿಪಾಠ. ಸಾಂಕೇತಿಕ ದುಡ್ಡು, ಅದಕ್ಕೆ ಬಡ್ಡಿ ಇಲ್ಲ ಅಂದೆ.

“ಹಾಗಾದ್ರೆ ಅಪೀಲು ಹಾಕಬೇಕಿತ್ತು” ಅಂದರು.