ಅರಳಗುಪ್ಪೆಯಲ್ಲಿ ಮಲಗಿ ನೋಡಿದ ನಟರಾಜ

ತಿಪಟೂರು ಕಡೆ ನೆಂಟರ ಮನೆಗೆ ಹೋದರೆ ಕೊಬ್ಬರಿ ರೇಟಿನ ಮಾತು ಮುಗಿಯುವಷ್ಟರಲ್ಲಿ ಹೊತ್ತು ಇಳಿದಿರುತ್ತದೆ. ಈ ಸಲ ಉಂಡ ಕೈ ತೊಳೆದವಳೇ ಅತ್ತೆಯನ್ನು ಹೊರಡಿಸಿಕೊಂಡು ಅರಳಗುಪ್ಪೆಗೆ ಹೋದೆ.

ಊರಲ್ಲಿ ಎರಡು ಹಳೆಯ ಗುಡಿಗಳಿವೆ. 13ನೇ ಶತಮಾನದ ಚೆನ್ನಕೇಶವ ಹೊಯ್ಸಳರ ಕಾಲದ್ದು. ನಕ್ಷತ್ರಾಕಾರದ ಗರ್ಭಗುಡಿ, ಗೋಡೆ ತುಂಬ ಮೂರ್ತಿಗಳು. ಬಳಪದ ಕಲ್ಲು ಮೆದು, ಉಳಿ ಹೇಳಿದಂತೆ ಕೇಳುತ್ತದೆ. ಶಿಲ್ಪಿಗಳೂ ಬಿಡದೆ ಹೇಳಿಸಿದ್ದಾರೆ. ಬಂದವರೆಲ್ಲ ಫೋಟೋ ತೆಗೆಯುವುದು ಇಲ್ಲೇ.

ನನಗೆ ಬೇಕಾಗಿದ್ದದ್ದು ಕಲ್ಲೇಶ್ವರ. ಅದಕ್ಕಿಂತ ಮುನ್ನೂರು ವರ್ಷಕ್ಕೂ ಹೆಚ್ಚು ಹಿಂದಿನದು, 9ನೇ ಶತಮಾನದ ಕೊನೆಯ ನೊಳಂಬ ಅರಸರ ಕಾಲದ ಕೆಲಸ. ಹೊರಗಿನಿಂದ ನೋಡಿದರೆ ಗಾಡಿ ನಿಲ್ಲಿಸಬೇಕು ಅನಿಸುವುದೂ ಇಲ್ಲ. ಒಳಗೆ ಕತ್ತಲು. ಕಣ್ಣು ಹೊಂದಿಕೊಳ್ಳುವವರೆಗೆ ನಿಂತು ತಲೆ ಎತ್ತಿದರೆ ಭುವನೇಶ್ವರಿಯ, ಅಂದರೆ ಕೆತ್ತನೆಯ ಒಳಚಾವಣಿಯ, ನಟ್ಟನಡುವೆ ಶಿವ ಕುಣಿಯುತ್ತಿದ್ದಾನೆ, ಜೊತೆಗೆ ವಾದ್ಯದವರು. ಸುತ್ತ ಎಂಟು ಚೌಕಗಳಲ್ಲಿ ಅಷ್ಟದಿಕ್ಪಾಲಕರು: ಆನೆ ಮೇಲೆ ಇಂದ್ರ, ಟಗರಿನ ಮೇಲೆ ಅಗ್ನಿ, ಕೋಣದ ಮೇಲೆ ಯಮ, ಮೊಸಳೆಯಂಥ ಮಕರದ ಮೇಲೆ ವರುಣ.

“ಕತ್ತು ನೋಯಿಸ್ಕೋಬೇಡಿ ಕಣಮ್ಮ, ಮಲಿಕ್ಕಂಡ್ ನೋಡ್ಬಿಡಿ,” ಅಂದರು ಪೂಜೆಯವರು. ನಾನು ಹಿಂದೆಮುಂದೆ ನೋಡುತ್ತಿರುವಾಗಲೇ ಅತ್ತೆ ಸೆರಗು ಹಾಸಿ ಅಂಗಾತ ಮಲಗಿಯೂ ಆಗಿತ್ತು. “ಬಾರೇ, ತಣ್ಣಗೈತೆ.”

ಮನೆಗಳ ನಕ್ಷೆ ಬರೆಯುವುದು ನನ್ನ ಕಸುಬು, ಹಾಗಾಗಿ ಮೊದಲು ಹೊಳೆದದ್ದು ಭಾರದ ಲೆಕ್ಕ. ಕಲ್ಲು ಎಷ್ಟು ಒತ್ತಿದರೂ ತಡೆಯುತ್ತದೆ, ಬಾಗಿಸಿದರೆ ಮುರಿಯುತ್ತದೆ. ನಾವಾದರೆ ಒಳಗೆ ಕಬ್ಬಿಣ ಕಟ್ಟಿ ಕಾಂಕ್ರೀಟ್ ಸುರಿಯುತ್ತೇವೆ. ಅವರಿಗಿದ್ದ ದಾರಿ ಒಂದೇ, ಕಂಬಗಳನ್ನು ಹತ್ತಿರ ನಿಲ್ಲಿಸಿ ತೊಲೆ ಗಿಡ್ಡ ಮಾಡುವುದು. ಅದಕ್ಕೇ ಒಳಗೆ ಎತ್ತ ತಿರುಗಿದರೂ ಕಂಬ ಅಡ್ಡ ಬರುತ್ತದೆ, ಹರವಾದ ಬಯಲು ಸಿಗುವುದು ತಲೆಯ ಮೇಲೆ ಮಾತ್ರ. ಶಿಲ್ಪಿ ಆ ಜಾಗವನ್ನು ಕುಣಿಯುವವನಿಗೆ ಕೊಟ್ಟ. ಹೊಯ್ಸಳ ಗೋಡೆಯ ಮುಂದೆ ನನಗೆ ಬೆರಗಾಯಿತು, ನಿಜ. ಆದರೆ ಒಂದೂ ರೇಖೆ ಹೆಚ್ಚಿಲ್ಲ ಅನಿಸಿದ್ದು ಇಲ್ಲಿ.

ನೊಳಂಬರ ರಾಜಧಾನಿ ಹೆಂಜೇರು, ಅಂದರೆ ಈಗಿನ ಹೇಮಾವತಿ, ಶಿರಾ ಕಡೆಯ ಗಡಿ ದಾಟಿದರೆ ಆಂಧ್ರದಲ್ಲಿದೆ. ಅವರ ಕಂಬಗಳನ್ನು ಚೋಳರು ತಂಜಾವೂರಿನ ಹತ್ತಿರದ ತಿರುವೈಯಾರಿನವರೆಗೂ ಹೊತ್ತೊಯ್ದಿದ್ದರು. ಗೆದ್ದವನಿಗೂ ಬಿಟ್ಟು ಹೋಗಲು ಮನಸ್ಸಾಗದ ಕೆಲಸ!

ಹೋಗುವವರು ಮೊದಲು ಕಲ್ಲೇಶ್ವರವನ್ನೇ ನೋಡಿ, ಚೆನ್ನಕೇಶವ ಆಮೇಲಿರಲಿ. ಮೊಬೈಲ್ ಟಾರ್ಚನ್ನು ನೇರ ಮೇಲಕ್ಕೆ ಹಿಡಿದರೆ ಮೂರ್ತಿ ಚಪ್ಪಟೆಯಾಗಿ ಕಾಣುತ್ತದೆ, ಪಕ್ಕದಿಂದ ಓರೆಯಾಗಿ ಬಿಡಿ. ಅತ್ತೆಯಂಥವರು ಜೊತೆಗಿದ್ದರೆ ಒಂದು ಚಾಪೆಯೂ ಇರಲಿ.