ಪ್ಯಾರಾ ಯಾವುದರ ಬಗ್ಗೆ ಅಂತ ಗೊತ್ತಾದರೆ ಸಾಲದು

ಹತ್ತನೇ ಕ್ಲಾಸಿನ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಒಂದು ಗದ್ಯಭಾಗ ಕೊಟ್ಟು, ಓದಿಕೊಂಡು ಉತ್ತರಿಸಿ ಅಂತ ಕೇಳುತ್ತಾರಲ್ಲ, ಅದನ್ನು ಸುಮಾರು ಮನೆಗಳಲ್ಲಿ ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಉತ್ತರ ಅಲ್ಲೇ ಇರುತ್ತದೆ, ಸುಲಭದ ಅಂಕ, ಅದಕ್ಕೇನು ತಯಾರಿ ಅನ್ನುತ್ತಾರೆ. ಯಾವ ವರ್ಷ, ಯಾರು, ಎಲ್ಲಿ ಅಂತ ಕೇಳಿದರೆ ಆ ಮಾತು ಸರಿ. ಬೆರಳಿಟ್ಟು ಹುಡುಕಿದರೆ ಸಿಗುತ್ತದೆ. ಆದರೆ ಇದರ ಮುಖ್ಯ ವಿಚಾರವೇನು ಅಂತಲೋ, ಸೂಕ್ತ ಶೀರ್ಷಿಕೆ ಕೊಡಿ ಅಂತಲೋ ಕೇಳಿದ ಕೂಡಲೇ ಚೆನ್ನಾಗಿ ಓದುವ ಮಕ್ಕಳೂ ತಡವರಿಸುತ್ತಾರೆ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವ ನನಗೆ ಇದು ತುಂಬಾ ದಿನದಿಂದ ತಲೆಯಲ್ಲಿ ಕೊರೆಯುತ್ತಿರುವ ವಿಷಯ. ಅದಕ್ಕೇ ಇವತ್ತು ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಒಂದು ಪ್ಯಾರಾ ಓದಿ. ಕ್ಲಾಸಿಗೆ ಅಂತ ನಾನೇ ಬರೆದುಕೊಂಡದ್ದು.

"ಶರಾವತಿ ನದಿ ಜೋಗದಲ್ಲಿ ಸುಮಾರು 253 ಮೀಟರ್ ಎತ್ತರದಿಂದ ಧುಮುಕುತ್ತದೆ. ರಾಜ, ರಾಣಿ, ರೋರರ್, ರಾಕೆಟ್ ಎಂದು ಅದಕ್ಕೆ ನಾಲ್ಕು ಕವಲುಗಳು. ಮಳೆಗಾಲದಲ್ಲಿ ಅದನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಆದರೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ನದಿಯ ನೀರು ಅಲ್ಲಿ ನಿಂತು ವಿದ್ಯುತ್ ತಯಾರಿಕೆಗೆ ಹೋಗುತ್ತದೆ. ಬೇಸಿಗೆಯಲ್ಲಿ ಬಂದವರಿಗೆ ಬಂಡೆಯ ಮೇಲೆ ತೆಳ್ಳಗೆ ಇಳಿಯುವ ನೀರಷ್ಟೇ ಕಾಣುತ್ತದೆ."

ಇದಕ್ಕೆ ಶೀರ್ಷಿಕೆ ಕೊಡಿ ಅಂದರೆ ಹೆಚ್ಚಿನ ಮಕ್ಕಳು 'ಜೋಗ ಜಲಪಾತದ ಸೊಬಗು' ಅಂತ ಬರೆಯುತ್ತಾರೆ. ಆಮೇಲೆ ನಮ್ಮ ಮಾತು ಹೀಗೆ ಸಾಗುತ್ತದೆ.

"ಇದು ಯಾವುದರ ಬಗ್ಗೆ?"

"ಜೋಗದ ಬಗ್ಗೆ, ಮಿಸ್."

"ಸರಿ. ಜೋಗದ ಬಗ್ಗೆ ಏನಂತೆ?"

"ತುಂಬಾ ಎತ್ತರ ಅಂತೆ, ಚೆನ್ನಾಗಿದೆ ಅಂತೆ."

"ಹಂಗಾದ್ರೆ ಕೊನೇ ಎರಡು ವಾಕ್ಯ ಯಾಕೆ ಬೇಕಿತ್ತು?"

ಅಲ್ಲಿ ಎಲ್ಲರೂ ಮತ್ತೆ ಪುಸ್ತಕ ನೋಡುತ್ತಾರೆ. ಮೊದಲ ಮೂರು ವಾಕ್ಯ ಹೊಗಳಿದ್ದು 'ಆದರೆ' ಅನ್ನುವ ಮಾತಿಗೆ ದಾರಿ ಮಾಡಿಕೊಳ್ಳಲು. ಅಣೆಕಟ್ಟು ಬಂದ ಮೇಲೆ ಜೋಗದ ವೈಭವ ಮಳೆಗಾಲಕ್ಕಷ್ಟೇ ಉಳಿಯಿತು ಅನ್ನುವುದು ಈ ಪ್ಯಾರಾದ ಮಾತು. ವಿಷಯ ಜೋಗವೇ, ಸುಳ್ಳಲ್ಲ. ಆದರೆ ವಿಷಯ ಬೇರೆ, ಆ ವಿಷಯದ ಬಗ್ಗೆ ಹೇಳುತ್ತಿರುವ ಮಾತು ಬೇರೆ. ಜೋಗ ಅನ್ನುವುದು ಒಂದೇ ಪದದಲ್ಲಿ ಮುಗಿಯುತ್ತದೆ, ಮುಖ್ಯ ವಿಚಾರವನ್ನು ಹೇಳಲು ಒಂದು ಪೂರ್ತಿ ವಾಕ್ಯ ಬೇಕು. ಹಾಗಾಗಿ ನಾನು ಮಕ್ಕಳಿಗೆ ಶೀರ್ಷಿಕೆಯನ್ನು ಮೊದಲೇ ಬರೆಯಲು ಬಿಡುವುದಿಲ್ಲ. ಕ್ರಿಯಾಪದ ಇರುವ ಒಂದು ವಾಕ್ಯ ಮೊದಲು ಬರೆಯಿರಿ, ಆಮೇಲೆ ಅದನ್ನು ಚಿಕ್ಕದು ಮಾಡಿ ಶೀರ್ಷಿಕೆ ಮಾಡಿಕೊಳ್ಳಿ ಅನ್ನುತ್ತೇನೆ.

ಆ ವಾಕ್ಯ ಸಿಗುವುದು ಹೇಗೆ? ಪ್ಯಾರಾವನ್ನು ಹೇಗೆ ಕಟ್ಟಿದ್ದಾರೆ ಅಂತ ನೋಡಿದರೆ ಸಿಗುತ್ತದೆ. ಕಾಲಕ್ರಮ, ಕಾರಣ-ಪರಿಣಾಮ, ಹೋಲಿಕೆ-ವ್ಯತ್ಯಾಸ, ಸಮಸ್ಯೆ-ಪರಿಹಾರ, ಸುಮ್ನೆ ವಿವರಣೆ, ಹೀಗೆ ಕಟ್ಟುವ ರೀತಿಗಳು ಕೆಲವೇ ಇವೆ. ಈ ಹೆಸರುಗಳನ್ನು ಬಾಯಿಪಾಠ ಮಾಡಿಸುವುದರಿಂದ ಏನೂ ಪ್ರಯೋಜನ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಮಕ್ಕಳಿಗೆ ಗೊತ್ತಾಗಬೇಕಾದ್ದು ಬೇರೆ. ಅವೇ ಸಂಗತಿಗಳನ್ನು ಬೇರೆ ರೀತಿ ಕಟ್ಟಿದರೆ ಮುಖ್ಯ ವಿಚಾರವೇ ಬದಲಾಗಿ ಹೋಗುತ್ತದೆ. ಇದನ್ನು ಒಮ್ಮೆ ಕಣ್ಣಾರೆ ಕಂಡವರು ಮರೆಯುವುದಿಲ್ಲ.

ಶಿವನಸಮುದ್ರದ ವಿದ್ಯುತ್ತನ್ನೇ ತೆಗೆದುಕೊಳ್ಳಿ. ಸಂಗತಿಗಳು ಇಷ್ಟು. ಕಾವೇರಿಯ ನೀರಿನಿಂದ ಅಲ್ಲಿ 1902ರಲ್ಲಿ ವಿದ್ಯುತ್ ತಯಾರಾಗತೊಡಗಿತು. ಅದು ಮೊದಲು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಹತ್ತಿದ್ದು 1905ರಲ್ಲಿ. ಈಗ ಇದನ್ನು ಒಂದು ಸಲ ಹೀಗೆ ಬರೆಯೋಣ.

"1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ತಯಾರಿಕೆ ಶುರುವಾಯಿತು. ಅಲ್ಲಿಂದ ತಂತಿ ಎಳೆದು ಮೊದಲು ಕೋಲಾರದ ಗಣಿಗೆ ಕೊಟ್ಟರು. ಮೂರು ವರ್ಷದ ನಂತರ ಬೆಂಗಳೂರಿನ ಬೀದಿಗಳಿಗೂ ಬೆಳಕು ಬಂತು."

ಇದು ಕಾಲಕ್ರಮ. ಮೈಸೂರು ಸೀಮೆಯಲ್ಲಿ ವಿದ್ಯುತ್ ಹಂತಹಂತವಾಗಿ ಹರಡಿತು ಅನ್ನುವುದು ಇದರ ಮಾತು. ಈಗ ಇನ್ನೊಂದು.

"ಕೋಲಾರದ ಗಣಿಗಳು ಆಳಕ್ಕೆ ಇಳಿದಷ್ಟೂ ಅದಿರು ಮೇಲೆತ್ತಲು, ತುಂಬಿದ ನೀರು ಹೊರಹಾಕಲು ಜಾಸ್ತಿ ಶಕ್ತಿ ಬೇಕಾಗುತ್ತಿತ್ತು. ಉಗಿ ಯಂತ್ರಗಳಿಗೆ ಸೌದೆ, ಕಲ್ಲಿದ್ದಲು ಒದಗಿಸುವ ಖರ್ಚು ಏರುತ್ತಲೇ ಇತ್ತು. ಹೀಗಾಗಿ ಶಿವನಸಮುದ್ರದಿಂದ 147 ಕಿಲೋಮೀಟರ್ ದೂರ ತಂತಿ ಎಳೆದು 1902ರಲ್ಲಿ ಗಣಿಗೆ ವಿದ್ಯುತ್ ತಂದರು."

ಇಲ್ಲೂ ಅದೇ ಊರು, ಅದೇ ವರ್ಷ, ಅದೇ ದೂರ. ಆದರೆ ಈ ಪ್ಯಾರಾ ಹೇಳುತ್ತಿರುವುದು ಗಣಿಯ ಅಗತ್ಯವೇ ವಿದ್ಯುತ್ತನ್ನು ಅಷ್ಟು ದೂರ ಎಳೆದು ತಂದಿತು ಅಂತ. ಬೆಂಗಳೂರು ಇಲ್ಲಿ ಬೇಕಾಗಿಯೇ ಇಲ್ಲ. ಮೂರನೆಯದು ನೋಡಿ.

"ಭೂಮಿಯೊಳಗೆ ಚಿನ್ನ ತೆಗೆಯುವ ಯಂತ್ರಗಳಿಗೆ 1902ರಲ್ಲೇ ವಿದ್ಯುತ್ ಸಿಕ್ಕಿತು. ಸಾವಿರಾರು ಜನ ಓಡಾಡುವ ಬೆಂಗಳೂರಿನ ಬೀದಿಗಳು ಮಾತ್ರ 1905ರವರೆಗೆ ಕಾಯಬೇಕಾಯಿತು."

ಇದು ಎರಡನ್ನು ಎದುರುಬದುರು ನಿಲ್ಲಿಸಿದ ಪ್ಯಾರಾ. ಊರಿನ ಜನಕ್ಕಿಂತ ಗಣಿಗೆ ಮೊದಲ ಸ್ಥಾನ ಸಿಕ್ಕಿತು ಅನ್ನುವುದು ಇದರ ತಿರುಳು. ಬರೆದವರು ಬಾಯಿಬಿಟ್ಟು ಆಕ್ಷೇಪಣೆ ಮಾಡಿಲ್ಲ, ಆ 'ಮಾತ್ರ', ಆ 'ಕಾಯಬೇಕಾಯಿತು' ಇವೆರಡರಲ್ಲೇ ಅದು ಇದೆ.

ಈ ಮೂರನ್ನೂ ಬೋರ್ಡಿನ ಮೇಲೆ ಪಕ್ಕಪಕ್ಕ ಬರೆದು, ಮೂರಕ್ಕೂ ಶಿವನಸಮುದ್ರದ ವಿದ್ಯುತ್ ಅಂತ ಒಂದೇ ಶೀರ್ಷಿಕೆ ಇಟ್ಟರೆ ಸರಿಹೋಗುತ್ತಾ ಅಂತ ಕೇಳಿದರೆ ಮಕ್ಕಳು ತಾವಾಗಿಯೇ ಇಲ್ಲ ಅನ್ನುತ್ತಾರೆ. ಅಲ್ಲಿಂದ ಮುಂದೆ ಪಾಠ ಮಾಡುವುದು ನಿಜಕ್ಕೂ ಖುಷಿ, ಯಾಕೆಂದರೆ ಇಸವಿಗಳ ಕೆಳಗೆ ಗೆರೆ ಎಳೆಯುವ ಅಭ್ಯಾಸ ಅವರಿಗೇ ಸಾಲದು ಅನ್ನಿಸತೊಡಗುತ್ತದೆ.

ಇಲ್ಲಿ ಕನ್ನಡದ್ದೇ ಆದ ಒಂದು ವಿಷಯ ಇದೆ. ಇದನ್ನು ಯಾರೂ ಹೇಳಿಕೊಡದೆ ಇರುವುದು ನನಗೆ ಬೇಸರ ತರಿಸುತ್ತದೆ. ರಚನೆ ಗುರುತಿಸಲು ಕೆಲವು ಸುಳಿವು ಪದಗಳ ಪಟ್ಟಿ ಕೊಡುವ ರೂಢಿ ಇದೆ. ಏಕೆಂದರೆ, ಆದ್ದರಿಂದ ಬಂದರೆ ಕಾರಣ-ಪರಿಣಾಮ, ಮೊದಲು, ನಂತರ ಬಂದರೆ ಕಾಲಕ್ರಮ, ಹೀಗೆ. ಇಂಗ್ಲಿಷ್ ವರ್ಕ್‌ಶೀಟುಗಳಲ್ಲಿ ಇದು ಬಹಳ. ಕನ್ನಡದಲ್ಲಿ ಈ ಪಟ್ಟಿ ಅರ್ಧ ದಾರಿಗೆ ಮಾತ್ರ ಸಾಕು. ನಮ್ಮಲ್ಲಿ ಕಾರಣ ಎಷ್ಟೋ ಸಲ ಬೇರೆ ಪದವಾಗಿ ನಿಲ್ಲುವುದೇ ಇಲ್ಲ, ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡಿರುತ್ತದೆ.

"ಏರಿ ಒಡೆದು ಗದ್ದೆ ಮುಳುಗಿತು." "ಗದ್ದೆ ಉತ್ತು, ಗೊಬ್ಬರ ಹಾಕಿ, ನಾಟಿ ಮಾಡಿದರು." ಎರಡರಲ್ಲೂ ಇರುವುದು ಒಂದೇ ಬಗೆಯ ರೂಪ, ಒಡೆದು, ಉತ್ತು, ಹಾಕಿ. ಆದರೆ ಮೊದಲನೆಯದರಲ್ಲಿ ಅದು ಕಾರಣ, ಎರಡನೆಯದರಲ್ಲಿ ಬರೀ ಒಂದಾದ ಮೇಲೊಂದು. ಬೇರೆ ಮಾಡುವುದು ಹೇಗೆ ಅಂದರೆ 'ಯಾಕೆ' ಅಂತ ಕೇಳಿ ನೋಡಬೇಕು. ಗದ್ದೆ ಯಾಕೆ ಮುಳುಗಿತು? ಏರಿ ಒಡೆದದ್ದಕ್ಕೆ. ಉತ್ತರ ಸರಿಯಾಗಿ ಕೂತಿತು. ನಾಟಿ ಯಾಕೆ ಮಾಡಿದರು? ಗೊಬ್ಬರ ಹಾಕಿದ್ದಕ್ಕೆ. ಇದು ಕೂರುವುದಿಲ್ಲ, ಅಲ್ವಾ? ಹಾಗಾದರೆ ಅದು ಕಾಲಕ್ರಮ. ಇದೇ ರೀತಿ 'ಮಳೆ ಸುರಿದರೂ ಕೆರೆ ತುಂಬಲಿಲ್ಲ' ಅಂತ ಒಂದು ಪ್ಯಾರಾ ಶುರುವಾದರೆ, ಆ 'ರೂ' ನೋಡಿದ ಕೂಡಲೇ ಗೊತ್ತಾಗಬೇಕು, ಮುಂದೆ ಎಲ್ಲೋ ಕಾರಣ ಬರಲಿದೆ. ರಾಜಕಾಲುವೆ ಮುಚ್ಚಿದ್ದೋ, ಹೂಳು ತುಂಬಿದ್ದೋ ಏನೋ ಒಂದು. ಆ ಕಾರಣದ ಸುತ್ತಲೇ ಮುಖ್ಯ ವಿಚಾರ ಇರುತ್ತದೆ.

ವಾಕ್ಯದ ಕೊನೆಯವರೆಗೆ ಓದಬೇಕು ಅನ್ನುವುದೂ ಇದಕ್ಕೇ ಸೇರಿದ್ದು. "ಪುಂಗಿಯ ನಾದಕ್ಕೆ ಮನಸೋತು ಹಾವು ತಲೆದೂಗುತ್ತದೆ ಎಂದು ಜನ ನಂಬಿದ್ದಾರೆ." ಅವಸರದಲ್ಲಿ ಓದುವವರು 'ತಲೆದೂಗುತ್ತದೆ' ಅನ್ನುವಲ್ಲಿಗೆ ನಿಲ್ಲಿಸಿ, ಅದನ್ನೇ ಮುಖ್ಯ ವಿಚಾರ ಅಂತ ಬರೆದುಬಿಡುತ್ತಾರೆ. 'ಎಂದು ಜನ ನಂಬಿದ್ದಾರೆ' ಅಂತ ಇದೆಯಲ್ಲ, ಅದರ ಅರ್ಥ ಬರೆದವರು ಅದನ್ನು ಒಪ್ಪದೆಯೂ ಇರಬಹುದು ಅಂತ. ಮುಂದಿನ ವಾಕ್ಯದಲ್ಲಿ ಹಾವಿಗೆ ಹೊರಕಿವಿ ಇಲ್ಲ, ಅದು ಗಮನಿಸುವುದು ಪುಂಗಿಯ ಅಲುಗಾಟವನ್ನು ಅಂತ ಬರುತ್ತದೆ. ನಂಬಿಕೆ ಹೇಳಿ, ಆಮೇಲೆ ನಿಜ ಹೇಳುವ ಈ ಕಟ್ಟು ಕನ್ನಡದ ವಿಜ್ಞಾನ ಬರಹಗಳಲ್ಲಿ ಸಿಕ್ಕಾಪಟ್ಟೆ ಇದೆ. ಪಟ್ಟಿಗಳಲ್ಲಿ ಮಾತ್ರ ಇದರ ಹೆಸರೇ ಇರುವುದಿಲ್ಲ. ನಾನಂತೂ ಇದನ್ನು ಬೇರೆಯಾಗಿಯೇ ಕಲಿಸುತ್ತೇನೆ.

ಇನ್ನು ಎಲ್ಲಕ್ಕಿಂತ ಕಷ್ಟದ್ದು, ಮುಖ್ಯ ವಿಚಾರ ಯಾವ ವಾಕ್ಯದಲ್ಲೂ ಇಲ್ಲದ ಪ್ಯಾರಾ. ಮೊದಲ ವಾಕ್ಯದಲ್ಲೋ ಕೊನೆಯದರಲ್ಲೋ ಇದ್ದೇ ಇರುತ್ತದೆ ಅಂತ ಟ್ಯೂಷನ್ನುಗಳಲ್ಲಿ ಹೇಳಿಕೊಟ್ಟಿರುತ್ತಾರೆ. ಸುದ್ದಿಗೆ ಅದು ಸರಿ, ಪೇಪರಿನ ಸುದ್ದಿಯ ಮೊದಲ ಸಾಲುಗಳಲ್ಲೇ ಏನಾಯಿತು ಅಂತ ಹೇಳಿಬಿಡುತ್ತಾರೆ. ಎಲ್ಲ ಬರಹಕ್ಕೂ ಅದು ಹೊಂದುವುದಿಲ್ಲ. ಇದನ್ನು ನೋಡಿ.

"ಮಾರ್ಚ್-ಏಪ್ರಿಲ್ ಹೊತ್ತಿಗೆ ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರು ಹೂಮಳೆಗೆ ಕಾಯುತ್ತಾರೆ. ಮಳೆ ಬಿದ್ದು ಒಂದು ವಾರ, ಹತ್ತು ದಿನದಲ್ಲಿ ಗಿಡಗಳ ತುಂಬಾ ಬಿಳಿ ಹೂವು ಅರಳುತ್ತದೆ. ಹೂವು ಅರಳಿದ ದಿನವೇ ಮತ್ತೆ ಜೋರು ಮಳೆ ಬಂದರೆ ಪರಾಗಸ್ಪರ್ಶ ಕೆಡುತ್ತದೆ. ಹೂವು ಉದುರಿದ ಮೇಲೆ ಕೆಲವು ವಾರದೊಳಗೆ ಇನ್ನೊಂದು ಮಳೆ ಬೀಳದಿದ್ದರೆ ಕಾಯಿ ಸರಿಯಾಗಿ ಕಟ್ಟುವುದಿಲ್ಲ. ಕೊಯ್ಲಿನ ಹೊತ್ತಿಗೆ ಮಳೆ ಬಂದರೆ ಒಣಹಾಕಿದ ಕಾಫಿ ನೆನೆಯುತ್ತದೆ."

ಇಲ್ಲಿ ಒಂದು ವಾಕ್ಯ ಎತ್ತಿ ಇದೇ ಮುಖ್ಯ ಅಂತ ತೋರಿಸಿ ನೋಡೋಣ. ಆಗುವುದಿಲ್ಲ. ಮೇಲ್ನೋಟಕ್ಕೆ ಕಾಲಕ್ರಮದ ಹಾಗೆ ಕಾಣುತ್ತದೆ, ಹೂಮಳೆಯಿಂದ ಕೊಯ್ಲಿನವರೆಗೆ. ಆದರೆ ಪ್ರತಿ ಹಂತದಲ್ಲೂ ಒಂದೇ ವಿಷಯ ಬರುತ್ತಿದೆ. ಒಂದು ಕಡೆ ಮಳೆ ಬೇಕು, ಇನ್ನೊಂದು ಕಡೆ ಬೇಡ, ಮತ್ತೆ ಬೇಕು, ಮತ್ತೆ ಬೇಡ. ಎಷ್ಟು ಮಳೆ ಅನ್ನುವುದು ಇಲ್ಲೆಲ್ಲೂ ಇಲ್ಲ, ಯಾವಾಗ ಅನ್ನುವುದೇ ಎಲ್ಲ ಕಡೆ. ಕಾಫಿಗೆ ಮಳೆ ಬಂದರೆ ಸಾಲದು, ಸರಿಯಾದ ಹೊತ್ತಿಗೆ ಬರಬೇಕು. ಇದೇ ಮುಖ್ಯ ವಿಚಾರ, ಇದನ್ನು ಓದುಗರೇ ಬರೆದುಕೊಳ್ಳಬೇಕು. ಮಲೆನಾಡಿನ ಕಡೆಯ ಮಕ್ಕಳು ಇದನ್ನು ಬೇಗ ಹಿಡಿಯುತ್ತಾರೆ, ಮನೆಯಲ್ಲಿ ಆಕಾಶ ನೋಡಿ ಚಿಂತೆ ಮಾಡುವವರನ್ನು ಕಂಡಿರುತ್ತಾರಲ್ಲ. ಬಯಲುಸೀಮೆಯ ಮಕ್ಕಳಿಗೆ ಪ್ಯಾರಾದ ಸಹಾಯ ಒಂದೇ. ಆದರೂ ಪ್ರತಿ ವಾಕ್ಯದಲ್ಲೂ ಮತ್ತೆ ಮತ್ತೆ ಬರುತ್ತಿರುವುದು ಯಾವುದು ಅಂತ ಕೇಳಿದರೆ ಅವರೂ ಅಲ್ಲಿಗೆ ಬಂದು ತಲುಪುತ್ತಾರೆ.

ಬರೆದ ಮುಖ್ಯ ವಿಚಾರ ಸರಿಯಾ ಅಂತ ನೋಡಿಕೊಳ್ಳಲು ನಾನು ಮಾಡಿಸುವುದು ಒಂದೇ. ಪ್ಯಾರಾದ ಒಂದೊಂದೇ ವಾಕ್ಯ ತೆಗೆದುಕೊಂಡು, ಇದು ನೀನು ಬರೆದ ವಾಕ್ಯಕ್ಕೆ ಏನು ಕೆಲಸ ಮಾಡುತ್ತಿದೆ ಅಂತ ಪೆನ್ಸಿಲ್ಲಿನಲ್ಲಿ ಪಕ್ಕದಲ್ಲಿ ಬರೆಯಬೇಕು. ಕಾರಣ, ಉದಾಹರಣೆ, ಹಿನ್ನೆಲೆ, ಎದುರು ಮಾತು, ಹೀಗೆ ಒಂದು ಪದ ಸಾಕು. ಎರಡು ಮೂರು ವಾಕ್ಯಕ್ಕೆ ಯಾವ ಕೆಲಸವೂ ಸಿಗದೆ ಹೊರಗುಳಿದರೆ, ಬರೆದ ಮುಖ್ಯ ವಿಚಾರ ಕಿರಿದಾಯಿತು ಅಂತ ಅರ್ಥ. ಜೋಗದ ಪ್ಯಾರಾಕ್ಕೆ 'ಸೊಬಗು' ಅಂತ ಬರೆದವರಿಗೆ ಲಿಂಗನಮಕ್ಕಿಯ ವಾಕ್ಯ ಹೀಗೇ ಹೊರಗುಳಿಯುತ್ತದೆ. ಇನ್ನೊಂದು ಕಡೆ, ಬರೆದದ್ದು ಇನ್ಯಾವುದೋ ನೂರು ಪ್ಯಾರಾಗಳಿಗೂ ಹೊಂದುವಂತಿದ್ದರೆ, 'ನೀರು ಅಮೂಲ್ಯ' ಅನ್ನುವ ಹಾಗೆ, ಅದು ವಿಪರೀತ ಅಗಲವಾಯಿತು. ಕಾಫಿಯ ಪ್ಯಾರಾಕ್ಕೆ ಹಾಗೆ ಬರೆದವರು ಕಾಫಿಯನ್ನೇ ಬಿಟ್ಟುಬಿಟ್ಟಿರುತ್ತಾರೆ.

ಇದು ಹತ್ತನೇ ಕ್ಲಾಸಿಗೆ ಮುಗಿಯುವ ವಿಷಯವೂ ಅಲ್ಲ. ಕೆಎಎಸ್ ಬರೆಯುವವರಿಗೆ ಕಡ್ಡಾಯ ಕನ್ನಡ ಪತ್ರಿಕೆಯಲ್ಲಿ ಸಂಕ್ಷಿಪ್ತ ಲೇಖನ ಅಂತ ಬರುತ್ತದೆ, ಕೊಟ್ಟ ಗದ್ಯವನ್ನು ಚಿಕ್ಕದಾಗಿಸಿ ಬರೆಯಬೇಕು. ಡಿಗ್ರಿ ಮುಗಿಸಿದವರೂ ಅಲ್ಲಿ ನಡುನಡುವೆ ವಾಕ್ಯ ಕಿತ್ತು ಹಾಕಿ ಜೋಡಿಸುತ್ತಾರೆ. ಯಾವ ವಾಕ್ಯ ಯಾವುದಕ್ಕೆ ಆಸರೆ ಅಂತ ಗೊತ್ತಿದ್ದರೆ ಉದಾಹರಣೆ ಬಿಡಬಹುದು, 'ಆದರೆ'ಯ ನಂತರದ್ದನ್ನು ಬಿಡಬಾರದು ಅಂತ ತಾನಾಗೇ ಹೊಳೆಯುತ್ತದೆ.

ಮನೆಯಲ್ಲಿ ಮಾಡಿಸುವವರಿಗೆ ಒಂದು ಮಾತು. ಗೈಡ್ ತಂದುಕೊಡಬೇಡಿ. ಪೇಪರಿನಲ್ಲಿ ಬಂದ ಯಾವುದಾದರೂ ಚಿಕ್ಕ ಲೇಖನ, ಕೆರೆಯದ್ದೋ ಹಕ್ಕಿಯದ್ದೋ ಮೆಟ್ರೋದ್ದೋ, ಒಂದೇ ಒಂದು ಪ್ಯಾರಾ ಕತ್ತರಿಸಿ ಕೊಡಿ. ಶೀರ್ಷಿಕೆ ಕತ್ತರಿಸಿ ಬೇರೆ ಇಟ್ಟುಕೊಳ್ಳಿ. ಓದಿ ಆದ ಮೇಲೆ 'ಯಾವುದರ ಬಗ್ಗೆ' ಅಂತ ಒಂದೇ ಸಲ ಕೇಳಿ, 'ಅದರ ಬಗ್ಗೆ ಏನಂತೆ' ಅಂತ ಬೇಕಾದಷ್ಟು ಸಲ ಕೇಳಿ. ಮಗು ಹೇಳಿದ ವಾಕ್ಯ ಪೇಪರಿನವರು ಕೊಟ್ಟ ಶೀರ್ಷಿಕೆಗೆ ಹೊಂದದಿದ್ದರೆ ತಪ್ಪು ಅಂತ ಹೇಳಬೇಡಿ. ಎಷ್ಟೋ ಸಲ ಪೇಪರಿನ ಶೀರ್ಷಿಕೆಯೇ ಪ್ಯಾರಾಕ್ಕಿಂತ ಜೋರಾಗಿರುತ್ತದೆ. ಪ್ಯಾರಾದ ಯಾವ ವಾಕ್ಯ ನಿನ್ನ ಮಾತಿಗೆ ಆಸರೆ ಅಂತ ಕೇಳಿ, ಬೆರಳಿಟ್ಟು ತೋರಿಸಿದರೆ ಒಪ್ಪಿಕೊಂಡು ಮುಂದಿನ ಪ್ಯಾರಾ ಕೊಡಿ.