ರೊಕ್ಕ ಬರ್ತದೇನು ಅದರಾಗ?

ಮದುವೆ ಊಟಕ್ಕೆ ಕೂತಾಗ, ಸೂಪರ್ ಮಾರ್ಕೆಟ್ ಹತ್ತಿರ ಚಹಾ ಕುಡಿಯುವಾಗ, ಕಲಬುರಗಿಯಲ್ಲಿ ನನ್ನ ಗುರುತಿನವರು ಕೇಳುವುದು ಇದೊಂದೇ. "ನಕಾಶಿ ಮಾಡ್ತೀಯಂತಲ್ಲ, ರೊಕ್ಕ ಬರ್ತದೇನು ಅದರಾಗ?" ನಮ್ಮ ಕಾಕಾ ಅಷ್ಟಕ್ಕೇ ಬಿಡುವುದಿಲ್ಲ. "ಗೂಗಲ್‌ನವರು ಮಾಡಿ ಇಟ್ಟಾರ. ಮತ್ತ ನೀ ಯಾಕ?" ಇಷ್ಟು ದಿನ ನಕ್ಕು ಸುಮ್ಮನಾಗುತ್ತಿದ್ದೆ. ಈ ವರ್ಷ ನಗು ಬರಲಿಲ್ಲ. ಅದಕ್ಕೇ ಬರೆದುಬಿಡುತ್ತೇನೆ.

ನಾನು ಮಾಡುವುದು ಒಂದು ಸಣ್ಣ ಆಂಡ್ರಾಯ್ಡ್ ಆ್ಯಪ್. ನೆಟ್‌ವರ್ಕ್ ಸಿಗದ ಊರಲ್ಲೂ ಮ್ಯಾಪ್ ತೋರಿಸುತ್ತದೆ, ನಾವು ನಿಂತ ಜಾಗವನ್ನು ಗುರುತು ಹಾಕಿಕೊಳ್ಳುತ್ತದೆ. ಕೋಡ್ ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಒಳಗಿನ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನದು. 2004ರಲ್ಲಿ ಸ್ಟೀವ್ ಕೋಸ್ಟ್ ಇಂಗ್ಲೆಂಡಿನಲ್ಲಿ ಶುರು ಮಾಡಿದ್ದು. ಅದಕ್ಕೆ ರಸ್ತೆ, ಕೆರೆ, ಬಾವಿ ಸೇರಿಸುವವರು ನಮ್ಮ ನಿಮ್ಮಂಥವರೇ. ದಾರಿ ಹುಡುಕಲು ನಾನೂ ಗೂಗಲ್ ಮ್ಯಾಪನ್ನೇ ತೆರೆಯುತ್ತೇನೆ, ಅದರಲ್ಲಿ ನಾಚಿಕೆ ಏನಿಲ್ಲ. ಆದರೆ ಅದರ ಹಿಂದಿನ ಮಾಹಿತಿಯನ್ನೆಲ್ಲ ಇಳಿಸಿಕೊಂಡು, ನಮ್ಮೂರಿನ ಬಾವಿಗಳನ್ನು ಸೇರಿಸಿ, ಬೇರೆಯದೇ ನಕ್ಷೆ ಮಾಡಿ ಹಂಚುತ್ತೇನೆ ಅಂದರೆ ಅಲ್ಲಿ ಬಿಡುವುದಿಲ್ಲ. ಇಲ್ಲಿ ಮೂಲದ ಹೆಸರು ಹೇಳಿ, ಆ ಮಾಹಿತಿಯನ್ನು ಬೇರೆಯವರಿಗೂ ಹಾಗೇ ಬಿಟ್ಟುಕೊಟ್ಟರೆ ಸಾಕು. ಕಾಕಾನ ಎರಡನೇ ಪ್ರಶ್ನೆಗೆ ಇಷ್ಟು.

ಇನ್ನು ರೊಕ್ಕ. ನನ್ನ ಕೋಡ್ ಬಳಸುತ್ತಿದ್ದ ಒಂದು ಕಂಪನಿ ತಿಂಗಳಿಗಿಷ್ಟು ಅಂತ ಕೊಡುತ್ತಿತ್ತು. ಜನವರಿಯಲ್ಲಿ ನಿಲ್ಲಿಸಿತು. ಕೋಡ್ ಬಳಸುವುದನ್ನು ನಿಲ್ಲಿಸಲಿಲ್ಲ, ಬಿಡಿ. ಅಲ್ಲಿಂದ ಸಂಜೆ ಹೊತ್ತು ಹುಡುಗರಿಗೆ ಕಂಪ್ಯೂಟರ್ ಕ್ಲಾಸ್ ಹೇಳಿಕೊಟ್ಟು ಮನೆ ನಡೆಸುತ್ತಿದ್ದೇನೆ.

ಇದೇನೂ ದೊಡ್ಡ ಪೆಟ್ಟಲ್ಲ. ದೊಡ್ಡ ಪೆಟ್ಟು ಕೊಟ್ಟಿದ್ದು ಜೇವರ್ಗಿ. ಊರಲ್ಲ, ಆ ಪದ.

ಜೇವರ್ಗಿ ಅಂತ ಬರೆದು ನೋಡಿ. ಬಾಯಲ್ಲಿ ರ ಮೊದಲು, ಗಿ ಆಮೇಲೆ. ಕಂಪ್ಯೂಟರ್ ಕೂಡ ಅದೇ ಕ್ರಮದಲ್ಲಿ ಇಟ್ಟುಕೊಳ್ಳುತ್ತದೆ. ಆದರೆ ಕಾಗದದ ಮೇಲೆ ಗಿ ಮೊದಲು ಬರುತ್ತದೆ, ಅರ್ಕಾವೊತ್ತು ಅದರ ಬೆನ್ನಿಗೆ. ಈ ಅದಲು ಬದಲನ್ನು ಯಾರಾದರೂ ಮಾಡಲೇಬೇಕು. ಅದಕ್ಕೆಂದೇ ಹಾರ್ಫ್‌ಬಝ್ ಅನ್ನುವ ಓಪನ್ ಸೋರ್ಸ್ ತಂತ್ರಾಂಶವಿದೆ, ಆಂಡ್ರಾಯ್ಡ್ ಬಳಸುವುದೂ ಅದನ್ನೇ. ನಾನು ನೆಚ್ಚಿಕೊಂಡಿದ್ದ ಮ್ಯಾಪ್ ಲೈಬ್ರರಿ (ಮ್ಯಾಪ್ ಬಿಡಿಸಲು ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಮಾತ್ರ ಇಂಗ್ಲಿಷಿನಂತೆ ಒಂದೊಂದೇ ಅಕ್ಷರದ ಚಿತ್ರ ತಂದು ಸಾಲಾಗಿ ಅಂಟಿಸುತ್ತಿತ್ತು. ಜೇವರ್ಗಿ ಬಿಡಿಬಿಡಿಯಾಯಿತು. ಚಿತ್ತಾಪುರದ ಒತ್ತು ಕೆಳಗೆ ಇಳಿಯಲೇ ಇಲ್ಲ. ಬಸವಕಲ್ಯಾಣವನ್ನು ನೋಡಲಾಗುತ್ತಿರಲಿಲ್ಲ.

ನಾನೊಂದು ಉಪಾಯ ಮಾಡಿದೆ. ಪ್ರತಿ ಊರಿನ ಹೆಸರನ್ನು ಫೋನಿನ ಕೈಯಿಂದಲೇ ಬರೆಸಿ, ಚಿತ್ರ ಮಾಡಿ, ಮ್ಯಾಪಿನ ಮೇಲೆ ಕೂರಿಸಿದೆ. ಅಬ್ಬಾ, ಎಷ್ಟು ಚೆಂದ ಕಾಣುತ್ತಿತ್ತು! ಆ ರಾತ್ರಿಯೇ ಹೊಸ ಆವೃತ್ತಿ ಬಿಟ್ಟೆ. ಪರೀಕ್ಷೆ ಮಾಡಿದ್ದು ನನ್ನ ಹೊಸ ಫೋನಿನಲ್ಲಿ ಮಾತ್ರ.

ಅದು ಮೇ ತಿಂಗಳು. ಸೇಡಂ ಕಡೆ ನಾಲ್ವರು ಕಾಲೇಜು ಹುಡುಗಿಯರು ನನ್ನ ಆ್ಯಪ್ ಹಿಡಿದು ಬಾವಿ, ಬೋರ್‌ವೆಲ್, ನೀರು ನಿಂತ ಹಳೆಯ ಪರ್ಸಿ (ಹಾಸುಗಲ್ಲು) ಖಣಿಗಳನ್ನು ಗುರುತು ಹಾಕುತ್ತಿದ್ದರು. ಅವರವು ಹಳೇ ಫೋನು. ಅಷ್ಟೊಂದು ಚಿತ್ರ ಹೊರಲಾಗದೆ ಆ್ಯಪ್ ಸತ್ತಿತು. ಸಾಯುವಾಗ ಫೈಲ್ ಅರ್ಧ ಬರೆದಿತ್ತು. ಎರಡು ದಿನದ ಕೆಲಸ ಹೋಯಿತು. ಪ್ರತಿ ಸಲ ಹಳೆಯ ಫೈಲಿನ ಮೇಲೇ ಬರೆಯುವಂತೆ ಮಾಡಿದವನು ನಾನೇ. ಬೇರೆ ಫೈಲಿಗೆ ಬರೆದು, ಮುಗಿದ ಮೇಲೆ ಹೆಸರು ಬದಲಿಸಬೇಕು. ಕ್ಲಾಸಿನಲ್ಲಿ ಇದನ್ನೇ ಪಾಠ ಮಾಡುತ್ತೇನೆ!

ಫೋನಿನಲ್ಲಿ ಸಾರಿ ಹೇಳಿ ಮುಗಿಸಲು ಮನಸ್ಸು ಬರಲಿಲ್ಲ. ಬಸ್ ಹತ್ತಿ ಹೋದೆ. ಎರಡು ದಿನ ಅವರ ಹಿಂದೆ ಆ ಬಿಸಿಲಲ್ಲಿ ಅವೇ ಬಾವಿಗಳಿಗೆ ಮತ್ತೆ ನಡೆದೆ. ಬಿಳಿ ಧೂಳು, ಖಣಿಯ ಅಂಚಿನ ಕಾಲುದಾರಿ, ಮಧ್ಯಾಹ್ನಕ್ಕೆ ಅವರ ಡಬ್ಬಿಯ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಒಬ್ಬಳು ಬಿಸಿಎ ಓದುವವಳು. ಬೈಯಲಿಲ್ಲ. "ಸರ್, ಹಂಗ್ಯಾಕ ಬರದೀರಿ ಫೈಲು?" ಅಂತ ಕೇಳಿದಳು, ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು. ವಾರದೊಳಗೆ ಆ ದೋಷವನ್ನು ಅವಳೇ ತಿದ್ದಿ ಕಳಿಸಿದಳು.

ಆ ಹೊತ್ತಿಗೆ ನಾನು ಅಪ್ಪನ ಜೊತೆ ಸೊಲ್ಲಾಪುರದ ಆಸ್ಪತ್ರೆಯಲ್ಲಿದ್ದೆ. ಆಂಡ್ರಾಯ್ಡ್‌ನಲ್ಲಿ ಹೊಸ ಆವೃತ್ತಿಗೆ ಹಳೆಯ ಕೀಲಿಯಿಂದಲೇ (ಅದೊಂದು ಗುಟ್ಟಿನ ಫೈಲ್) ಸಹಿ ಬೀಳಬೇಕು, ಇಲ್ಲದಿದ್ದರೆ ಫೋನ್ ಒಪ್ಪುವುದಿಲ್ಲ. ಆ ಕೀಲಿ ಇದ್ದದ್ದು ಕಲಬುರಗಿಯ ಮನೆಯಲ್ಲಿ, ನನ್ನ ಲ್ಯಾಪ್‌ಟಾಪಿನಲ್ಲಿ. ಪಾಸ್‌ವರ್ಡ್ ನನ್ನ ತಲೆಯಲ್ಲಿ. ಹತ್ತೊಂಬತ್ತು ದಿನ ತಿದ್ದಿದ ಕೋಡ್ ಎಲ್ಲರ ಕಣ್ಣೆದುರೇ ಬಿದ್ದಿತ್ತು, ಆದರೆ ಯಾರ ಫೋನಿಗೂ ಹೋಗಲಿಲ್ಲ. ಅಷ್ಟರಲ್ಲಿ ಅವರ ಪೈಕಿ ಇನ್ನೊಬ್ಬಳು ಒಂದು ದಿನದ ಕೆಲಸ ಕಳೆದುಕೊಂಡಳು. ಇದು ಎಲ್ಲರ ಆ್ಯಪ್ ಅಂತ ಕಂಡಲ್ಲೆಲ್ಲ ಹೇಳುತ್ತಿದ್ದೆ. ಕೀಲಿಕೈ ಮಾತ್ರ ನನ್ನ ಜೇಬಿನಲ್ಲೇ ಇತ್ತು.

ನನ್ನ ಕೆಲಸವನ್ನು ಯಾರಾದರೂ ಸೇವೆ ಅಂದರೆ ಈಗ ಮೈ ಉರಿಯುತ್ತದೆ. ಸೇವೆ ಅಂದುಕೊಂಡಿದ್ದಕ್ಕೇ ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ ಅನ್ನಿಸುತ್ತದೆ. ಬಿಟ್ಟಿ ಕೆಲಸಕ್ಕೆ ಇನ್ನೊಬ್ಬರನ್ನು ಕರೆಯುವುದು ಹೇಗೆ ಅನ್ನುವ ಸಂಕೋಚ, ಅದರ ಜೊತೆ ಸ್ವಲ್ಪ ಜಂಬ. ಎರಡೂ ಸೇರಿ ಈ ಗತಿ.

ಜುಲೈನಲ್ಲಿ ಕೀಲಿಯ ಒಂದು ಪ್ರತಿ, ಪಾಸ್‌ವರ್ಡ್ ಎರಡನ್ನೂ ಆ ಬಿಸಿಎ ಹುಡುಗಿಗೆ ಕೊಟ್ಟೆ. ಈಗ ಆವೃತ್ತಿ ಬಿಡುವವಳು ಹೆಚ್ಚಾಗಿ ಅವಳೇ. ಮೊದಲು ಹಳೇ ಫೋನಿನಲ್ಲಿ ಓಡಿಸಿ ನೋಡುತ್ತಾಳೆ. ಕಣ್ಣಿಗೆ ಕಾಣುವ ಊರುಗಳ ಹೆಸರಿಗೆ ಮಾತ್ರ ಚಿತ್ರ ಮಾಡುವಂತೆ ಬದಲಿಸಿದ್ದಾಳೆ. ಜೇವರ್ಗಿ ಬಹಳಷ್ಟು ಫೋನಿನಲ್ಲಿ ಜೇವರ್ಗಿಯಂತೆಯೇ ಕಾಣುತ್ತಿದೆ.

ಹಾಗಾಗಿ ಕಾಕಾ, ರೊಕ್ಕ ಬರುವುದಿಲ್ಲ. ಮೊದಲು ಒಬ್ಬನಿಗೆ ಬರುತ್ತಿರಲಿಲ್ಲ, ಈಗ ಇಬ್ಬರಿಗೆ. ಹಾಂ, ಅವಳ ಮನೆಯಲ್ಲೂ ಇದೇ ಪ್ರಶ್ನೆ ಶುರುವಾಗಿದೆಯಂತೆ. ಮೊನ್ನೆ ಫೋನ್ ಮಾಡಿ, "ಸರ್, ಅವರಿಗೇನ್ ಹೇಳ್ಲಿ?" ಅಂದಳು.